ಹಳೆಯ ಟ್ರ್ಯಾಕ್ಟರ್‌ಗೆ ಮರುಜೀವ: ಉಳಿಸಬೇಕಾದದ್ದು ಏನನ್ನು?

ಗೋವಿನಜೋಳದ ಸುಗ್ಗಿಯ ಕಾಲದಲ್ಲಿ ನೀವು ಹಿರೇಕೆರೂರು ತಾಲ್ಲೂಕಿನ ಹಳ್ಳಿಗಳಲ್ಲಿ ಓಡಾಡಿದ್ದರೆ ಈ ದೃಶ್ಯವನ್ನು ಗಮನಿಸಿರಬಹುದು. ರಸ್ತೆಯ ಮೇಲೆ ಹೊಸ ಟ್ರ್ಯಾಕ್ಟರ್‌ಗಳು ತೆನೆ ತುಂಬಿದ ಟ್ರೇಲರ್‌ಗಳನ್ನು ಎಳೆದುಕೊಂಡು ಹೋಗುತ್ತಿರುತ್ತವೆ. ಅದೇ ಊರಿನ ಯಾವುದೋ ಹಿತ್ತಲಿನಲ್ಲಿ, ಬಣವೆಯ ಮಗ್ಗುಲಿಗೆ, ಇನ್ನೊಂದು ಟ್ರ್ಯಾಕ್ಟರ್ ನಿಂತಿರುತ್ತದೆ. ಅದರ ಟೈರುಗಳಲ್ಲಿ ಗಾಳಿಯಿಲ್ಲ. ಬಣ್ಣ ಯಾವುದಿತ್ತೆಂದು ಹೇಳುವುದು ಕಷ್ಟ. ಮನೆಯವರನ್ನು ಕೇಳಿದರೆ "ಅದು ನಮ್ಮ ಅಜ್ಜಾರ ಕಾಲದ್ದು ರೀ ಸರ. ಗುಜರಿಯವರು ಕಿಲೋ ಲೆಕ್ಕದಾಗ ಕೇಳ್ಯಾರ" ಎನ್ನುತ್ತಾರೆ.

ಕಿಲೋ ಲೆಕ್ಕದಲ್ಲಿ ಅದು ಒಂದೂವರೆ ಟನ್ ಕಬ್ಬಿಣ ಇದ್ದೀತು. ಆದರೆ ಭೌತವಿಜ್ಞಾನ ಕಲಿಸುವವರಿಗೂ ಕಲಿಯುವವರಿಗೂ ಅದು ಬೇರೆಯೇ ವಸ್ತು. ಅಂಥ ಯಂತ್ರವನ್ನು ಮತ್ತೆ ಓಡುವ ಸ್ಥಿತಿಗೆ ತರುವ ಹವ್ಯಾಸ ಯೂರೋಪು, ಅಮೆರಿಕಗಳಲ್ಲಿ ಬಹಳ ಹಿಂದೆಯೇ ಬೇರೂರಿದೆ. ನಮ್ಮಲ್ಲಿ ಹಳೆಯ ಕಾರು, ಮೋಟಾರ್ ಸೈಕಲ್‌ಗಳಿಗೆ ಸಿಕ್ಕ ಗೌರವ ಟ್ರ್ಯಾಕ್ಟರ್‌ಗೆ ಇನ್ನೂ ಸಿಕ್ಕಿಲ್ಲ. ಈ ಲೇಖನದಲ್ಲಿ ಆ ಕೆಲಸದ ಹಿಂದಿರುವ ವಿಜ್ಞಾನವನ್ನೂ, ಅದರಲ್ಲಿ ನಾವು ಮಾಡಬಹುದಾದ ತಪ್ಪುಗಳನ್ನೂ ನೋಡೋಣ. ತಪ್ಪುಗಳ ಬಗ್ಗೆ ನಾನು ಸ್ವಲ್ಪ ಅಧಿಕಾರದಿಂದಲೇ ಬರೆಯಬಲ್ಲೆ.

ಹಳೆಯ ಟ್ರ್ಯಾಕ್ಟರ್‌ಗಳು ವಿರಳವಾಗಿರುವುದಕ್ಕೆ ಕಾರಣ ಸರಳ. 1951ರಲ್ಲಿ ಇಡೀ ದೇಶದಲ್ಲಿ ಇದ್ದ ಟ್ರ್ಯಾಕ್ಟರ್‌ಗಳು ಎಂಟೂವರೆ ಸಾವಿರದಷ್ಟು. 1961ರಲ್ಲಿ ಸುಮಾರು 31 ಸಾವಿರ. ಅವುಗಳಲ್ಲಿ ಬಹುಪಾಲು ಹಡಗಿನಲ್ಲಿ ಬಂದವು. ದೇಶದೊಳಗೆ ತಯಾರಿಕೆ ಆರಂಭವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. ಬಳಿಕ ಮದ್ರಾಸಿನ ಟ್ಯಾಫೆ ಸಂಸ್ಥೆಯಿಂದ ಮ್ಯಾಸಿ ಫರ್ಗ್ಯುಸನ್, 1963ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕಂಪನಿಯಿಂದ ಇಂಟರ್‌ನ್ಯಾಷನಲ್ ಬಿ-275 ಬಂದವು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಕೈಗಡಿಯಾರಕ್ಕೆ ಹೆಸರಾದರೂ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಸಲಾರಂಭಿಸಿತು. ಅದು ಚೆಕೊಸ್ಲೊವಾಕಿಯದ ಝೆಟರ್ ವಿನ್ಯಾಸದ 25 ಅಶ್ವಶಕ್ತಿಯ ಯಂತ್ರ. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳಿಗೆ ಒಂದು ಹಳೆಯ ಟ್ರ್ಯಾಕ್ಟರ್ ಇನ್ನೊಂದು ಹಳೆಯ ಟ್ರ್ಯಾಕ್ಟರನ್ನೇ ಅವಲಂಬಿಸಬೇಕಾಗುತ್ತದೆ. ಒಂದು ಉಳಿಯಲು ಎರಡು ಅಳಿಯುತ್ತವೆ.

ಕಾನೂನು ಕೂಡ ಇವುಗಳ ಕಡೆ ನೋಡಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ಅವಕಾಶ ಕಲ್ಪಿಸಿತು. ಆದರೆ ಅದು ಅನ್ವಯಿಸುವುದು ಸ್ವಂತ ಬಳಕೆಯ ದ್ವಿಚಕ್ರ ವಾಹನಗಳಿಗೆ ಮತ್ತು ಕಾರಿನಂಥ ಪ್ರಯಾಣಿಕ ವಾಹನಗಳಿಗೆ ಮಾತ್ರ. ಟ್ರ್ಯಾಕ್ಟರ್ ಆ ಪಟ್ಟಿಯಲ್ಲಿ ಇಲ್ಲ. ಆ ನಿಯಮದಲ್ಲಿ ಇನ್ನೊಂದು ಷರತ್ತಿದೆ: ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಮೂಲ ರೂಪ ಎಂದರೇನು? ನಮ್ಮ ಕಡೆಯ ರಂಟೆಯನ್ನೇ ತೆಗೆದುಕೊಳ್ಳಿ. ಅಜ್ಜ ಈಸು ಬದಲಿಸಿದ, ಅಪ್ಪ ಕುಳ ಬದಲಿಸಿದ, ಮಗ ಉಳಿದದ್ದನ್ನೆಲ್ಲ ಬದಲಿಸಿದ. ಆದರೂ ಅದನ್ನು ಅಜ್ಜನ ರಂಟೆ ಎಂದೇ ಕರೆಯುತ್ತಾರೆ. ಟ್ರ್ಯಾಕ್ಟರ್ ವಿಷಯದಲ್ಲಿ ಈ ಪ್ರಶ್ನೆಗೆ ನನ್ನ ಉತ್ತರ ಬಣ್ಣದಲ್ಲಿಲ್ಲ, ಅದರ ಹಿಂಭಾಗದಲ್ಲಿರುವ ಮೂರು ಕಂಬಿಗಳಲ್ಲಿದೆ. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೂರು ಕಂಬಿಗಳ ಕಥೆ

ಮೊದಲ ಮಹಾಯುದ್ಧದ ಕಾಲದ ಟ್ರ್ಯಾಕ್ಟರ್ ಎಂದರೆ ಎತ್ತಿನ ಬದಲಿಗೆ ನಿಂತ ಎಂಜಿನ್, ಅಷ್ಟೆ. ನೇಗಿಲನ್ನು ಸರಪಳಿಯಿಂದಲೋ ಕೊಂಡಿಯಿಂದಲೋ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರ್‌ನ ಮುಂಭಾಗ ಮೇಲೆದ್ದು, ಹಿಂದಕ್ಕೆ ಮಗುಚಿ, ಚಾಲಕನ ಮೇಲೆ ಬೀಳುತ್ತಿತ್ತು.

ಇದನ್ನು ಅಂಕಿಗಳಲ್ಲಿ ನೋಡೋಣ. ಒಂದು ಸಣ್ಣ ಟ್ರ್ಯಾಕ್ಟರ್‌ನ ತೂಕ 12,000 ನ್ಯೂಟನ್, ಅದರಲ್ಲಿ ಮುಂದಿನ ಗಾಲಿಗಳ ಮೇಲೆ ಬೀಳುವುದು 4,500 ನ್ಯೂಟನ್, ಎರಡು ಅಚ್ಚುಗಳ ನಡುವಿನ ಅಂತರ 1.8 ಮೀಟರ್ ಎಂದಿಟ್ಟುಕೊಳ್ಳಿ. ಹಿಂಗಾಲಿ ನೆಲ ಮುಟ್ಟುವ ಬಿಂದುವಿನ ಸುತ್ತ ಮುಂಭಾಗವನ್ನು ನೆಲಕ್ಕೆ ಒತ್ತಿಹಿಡಿಯುವ ಟಾರ್ಕ್ 4,500 × 1.8, ಅಂದರೆ 8,100 ನ್ಯೂಟನ್-ಮೀಟರ್. ಈಗ ಭಾರವನ್ನು ನೆಲದಿಂದ 0.45 ಮೀಟರ್ ಎತ್ತರದಲ್ಲಿ ಕಟ್ಟಿ 9,000 ನ್ಯೂಟನ್ ಬಲದಿಂದ ಎಳೆದರೆ ಮುಂಭಾಗವನ್ನು ಎತ್ತುವ ಟಾರ್ಕ್ 4,050. ಅರ್ಧದಷ್ಟು ರಕ್ಷಣೆ ಇನ್ನೂ ಉಳಿದಿದೆ. ಅದೇ ಸರಪಳಿಯನ್ನು 0.9 ಮೀಟರ್ ಎತ್ತರದಲ್ಲಿ ಕಟ್ಟಿದರೆ ಎತ್ತುವ ಟಾರ್ಕ್ ಸರಿಯಾಗಿ 8,100. ಮುಂದಿನ ಗಾಲಿಗಳು ಗಾಳಿಯಲ್ಲಿ! ಮಗುಚಲು ಹಿಡಿಯುವ ಸಮಯ ಒಂದೂವರೆ ಸೆಕೆಂಡಿನಷ್ಟು ಮಾತ್ರ. ಕ್ಲಚ್ ಒತ್ತಲು ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಂದಿಗೂ ಕೆಸರಿನಲ್ಲಿ ಹೂತ ಟ್ರೇಲರನ್ನು ಎಳೆಯುವಾಗ ಸರಪಳಿಯನ್ನು ಮೇಲಿನ ಕೊಂಡಿಗೆ ಕಟ್ಟುವವರನ್ನು ಕಾಣುತ್ತೇವೆ. ವಿದ್ಯಾರ್ಥಿಗಳಿಗೆ ಟಾರ್ಕ್ ಕಲಿಸುವಾಗ ಬಾಗಿಲಿನ ತಿರುಗಣಿಯ ಉದಾಹರಣೆಗಿಂತ ಇದನ್ನು ಕೊಡುವುದು ಲೇಸು. ಅವರ ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರು ಇರುತ್ತಾರೆ.

ಉತ್ತರ ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್ (1884–1960) ಈ ಸಮಸ್ಯೆಯನ್ನು ಕೈಗೆತ್ತಿಕೊಂಡ. ನೇಗಿಲನ್ನು ಹಿಂದೆ ಕಟ್ಟಿ ಎಳೆಯುವ ಬದಲು ಅದನ್ನು ಟ್ರ್ಯಾಕ್ಟರ್‌ನ ಅಂಗವನ್ನಾಗಿಯೇ ಮಾಡಿದ. ಕೆಳಗೆ ಎರಡು ಕಂಬಿ, ಮೇಲೆ ಒಂದು. ಕೆಳಗಿನವು ನೇಗಿಲನ್ನು ಮುಂದಕ್ಕೆ ಎಳೆಯುತ್ತವೆ. ಮಣ್ಣು ನೇಗಿಲಿನ ತುದಿಯನ್ನು, ಅಂದರೆ ಇನ್ನೂ ಕೆಳಗೆ, ಹಿಂದಕ್ಕೆ ತಳ್ಳುತ್ತದೆ. ಈ ಎರಡು ಬಲಗಳಿಂದ ನೇಗಿಲಿನ ಮೇಲ್ಭಾಗ ಮುಂದಕ್ಕೆ, ಟ್ರ್ಯಾಕ್ಟರ್ ಕಡೆಗೆ ವಾಲಲು ಯತ್ನಿಸುತ್ತದೆ. ಮೇಲಿನ ಕಂಬಿ ಅದನ್ನು ತಡೆಯುತ್ತದೆ. ಹಾಗೆ ತಡೆಯುವಾಗ ಆ ಕಂಬಿ ಸಂಕೋಚನಕ್ಕೆ ಒಳಗಾಗಿ ಟ್ರ್ಯಾಕ್ಟರನ್ನು ಎತ್ತರದ ಬಿಂದುವಿನಲ್ಲಿ ಮುಂದಕ್ಕೆ ತಳ್ಳುತ್ತದೆ. ಮೇಲೆ ಮುಂದಕ್ಕೆ ತಳ್ಳು, ಕೆಳಗೆ ಹಿಂದಕ್ಕೆ ಸೆಳೆತ: ಪರಿಣಾಮವಾಗಿ ಮೂತಿ ನೆಲಕ್ಕೆ ಒತ್ತುತ್ತದೆ. ಒಟ್ಟು ಯಂತ್ರವನ್ನು ಒಂದೇ ದೃಢವಸ್ತುವೆಂದು ಭಾವಿಸಿದರೆ ಇದು ಇನ್ನೂ ಸ್ಪಷ್ಟ. ಮಣ್ಣಿನ ಎಳೆತ ಈಗ ಕೊಂಡಿಯ ಎತ್ತರದಲ್ಲಿ ವರ್ತಿಸುತ್ತಿಲ್ಲ, ನೆಲಮಟ್ಟಕ್ಕಿಂತ ಕೆಳಗೆ ವರ್ತಿಸುತ್ತಿದೆ. ಮಗುಚಿಸುವ ಬಲವೇ ಮಗುಚದಂತೆ ಕಾಯುತ್ತದೆ.

ಅವನು ಅಲ್ಲಿಗೇ ನಿಲ್ಲಲಿಲ್ಲ. ಮೇಲಿನ ಕಂಬಿಯ ಬುಡದಲ್ಲಿ ಒಂದು ಗಟ್ಟಿ ಸ್ಪ್ರಿಂಗ್ ಇಟ್ಟ. ಮಣ್ಣು ಗಟ್ಟಿಯಾದಷ್ಟೂ ಸ್ಪ್ರಿಂಗ್ ಹೆಚ್ಚು ಕುಗ್ಗುತ್ತದೆ. ಕುಗ್ಗಿದಾಗ ಅದು ಹೈಡ್ರಾಲಿಕ್ ಕವಾಟವನ್ನು ಸರಿಸಿ ನೇಗಿಲನ್ನು ತುಸು ಮೇಲಕ್ಕೆತ್ತುತ್ತದೆ. ನೇಗಿಲಿನ ಮತ್ತು ಅದರ ಮೇಲಿನ ಮಣ್ಣಿನ ಭಾರ ಹಿಂಗಾಲಿಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಹಾಗಾಗಿ ಹಗುರವಾದ ಟ್ರ್ಯಾಕ್ಟರ್ ಕೂಡ ಭಾರಿ ಕೆಲಸ ಮಾಡಬಲ್ಲದು. ನೇಗಿಲು ಬಂಡೆಗೆ ಬಡಿದರೆ ಸ್ಪ್ರಿಂಗ್ ಪೂರ್ತಿ ಕುಗ್ಗಿ, ಹೈಡ್ರಾಲಿಕ್ ಒತ್ತಡ ಬಿಟ್ಟುಹೋಗಿ, ಗಾಲಿಗಳು ಭಾರ ಕಳೆದುಕೊಂಡು ಸುಮ್ಮನೆ ಜಾರುತ್ತವೆ. ಅಳತೆ, ಹೋಲಿಕೆ, ತಿದ್ದುಪಡಿ ಮೂರೂ ಇರುವ ಈ ಏರ್ಪಾಡು ಒಂದು ಅಪ್ಪಟ ಪುನರ್ನಿವೇಶನ ವ್ಯವಸ್ಥೆ, ಅದೂ ಒಂದು ತಂತಿಯಷ್ಟು ವಿದ್ಯುತ್ತೂ ಇಲ್ಲದೆ.

ಈ ಏರ್ಪಾಡಿನ ಟಿಇ-20 ಟ್ರ್ಯಾಕ್ಟರ್‌ಗಳು 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಮೀರಿ ತಯಾರಾದವು. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇಂಥ ಮೂರು ಟ್ರ್ಯಾಕ್ಟರ್‌ಗಳಲ್ಲಿ. ಎವರೆಸ್ಟ್ ಏರಿದವನ ಈ ಟ್ರ್ಯಾಕ್ಟರ್ ಸಾಹಸ ನಮ್ಮ ಪಠ್ಯಪುಸ್ತಕಗಳಲ್ಲಿ ಯಾಕೋ ಕಾಣುವುದಿಲ್ಲ. ಇಂದು ನಮ್ಮ ಹೊಲಗಳಲ್ಲಿ ಕಾಣುವ ಯಾವ ಕಂಪನಿಯ ಟ್ರ್ಯಾಕ್ಟರ್‌ನ ಹಿಂದೆಯೂ ಇದೇ ಮೂರು ಕಂಬಿಗಳಿವೆ.

ನಾವು ಕೈಹಾಕಿದ್ದು

ಕೆಲವು ವರ್ಷಗಳ ಹಿಂದೆ ಕೆಲವು ವಿದ್ಯಾರ್ಥಿಗಳೊಂದಿಗೆ ಹಿರೇಕೆರೂರಿನ ಸಮೀಪದ ಒಂದು ಹಳ್ಳಿಯಲ್ಲಿ ಹಳೆಯ ಮ್ಯಾಸಿ ಫರ್ಗ್ಯುಸನ್ ಒಂದನ್ನು ಓಡುವಂತೆ ಮಾಡಲು ಹೊರಟೆವು. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಅದರ ಆರ್‌ಸಿ ಪುಸ್ತಕ ಎಂದೋ ಕಳೆದುಹೋಗಿತ್ತು. ಎಂಜಿನ್ ಜಪ್ಪಯ್ಯ ಎಂದರೂ ತಿರುಗುತ್ತಿರಲಿಲ್ಲ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ‘ಜಾಮ್’ ಆಗಿತ್ತು.

ಇಂಥ ಎಂಜಿನ್ ಜಾಮ್ ಆಗಲು ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡರಿಂದ ಮೂರು ಪಟ್ಟು ಹಿಗ್ಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ತೆರೆದ ಹೊಗೆ ಕೊಳವೆಯಿಂದ ಒಂದು ಮಳೆಗಾಲದ ನೀರು ಇಳಿದರೆ ಆ ಸಂದು ತುಂಬಿ ಪಿಸ್ಟನ್ ಬೆಣೆ ಹೊಡೆದಂತೆ ಕೂರುತ್ತದೆ. ಮುಂದಿನ ಮಾತು ಓದುವ ಮೊದಲೇ ನಿಮ್ಮ ಊರಿನ ಹಳೆಯ ಟ್ರ್ಯಾಕ್ಟರ್‌ನ ಹೊಗೆ ಕೊಳವೆಗೆ ಒಂದು ಹಳೆಯ ಡಬ್ಬಿ ಬೋರಲು ಹಾಕಿ ಬನ್ನಿ. ಅದಕ್ಕಿಂತ ಅಗ್ಗದ ಸಂರಕ್ಷಣೆ ಇಲ್ಲ.

ಬಿಡಿಸುವುದು ಹೇಗೆ? ಸುತ್ತಿಗೆಯಿಂದಲ್ಲ. ಇಂಜೆಕ್ಟರ್‌ಗಳನ್ನು ಕಳಚಿ ಆ ರಂಧ್ರಗಳ ಮೂಲಕ ತೆಳುವಾದ ಎಣ್ಣೆ ಬಿಡುತ್ತಾರೆ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿದರೂ ನಡೆದೀತು. ಇಲ್ಲಿ ಕೆಲಸ ಮಾಡುವುದು ಕೇಶಾಕರ್ಷಣೆ. ಎಣ್ಣೆಯ ಮೇಲ್ಮೈ ಕರ್ಷಣ ಮೀಟರಿಗೆ 0.025 ನ್ಯೂಟನ್, ಸಾಂದ್ರತೆ ಘನಮೀಟರಿಗೆ 850 ಕಿಲೋಗ್ರಾಂ ಎಂದು ಹಿಡಿದರೆ 0.02 ಮಿಲಿಮೀಟರ್ ಸಂದಿನಲ್ಲಿ ಅದು ಗುರುತ್ವದ ವಿರುದ್ಧವೂ 30 ಸೆಂಟಿಮೀಟರ್ ಏರಬಲ್ಲದು. ಸಂದು ಹತ್ತರಲ್ಲಿ ಒಂದು ಭಾಗಕ್ಕೆ ಇಳಿದರೆ ಏರುವ ಎತ್ತರ 3 ಮೀಟರ್. ಅಂದರೆ ಸಂದು ಕಿರಿದಾದಷ್ಟೂ ಎಣ್ಣೆಯನ್ನು ಒಳಕ್ಕೆಳೆಯುವ ಬಲ ಹೆಚ್ಚು. ಆದರೆ ವೇಗ ಕಡಿಮೆ, ಏಕೆಂದರೆ ಸ್ನಿಗ್ಧತೆ ಅಡ್ಡ ಬರುತ್ತದೆ. ಎಣ್ಣೆ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿದೆ: ಒಂದು ದಿನದಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಎರಡು ಸೆಂಟಿಮೀಟರಿಗೆ ನಾಲ್ಕು ದಿನ, ಮೂರಕ್ಕೆ ಒಂಬತ್ತು ದಿನ ಬೇಕು. "ಇವತ್ತು ಹಾಕಿ ನಾಳೆ ತಿರುಗಿಸೋಣ" ಎನ್ನುವ ಹುಡುಗರಿಗೆ ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದು ಇದನ್ನೇ. ನಮ್ಮ ಎಂಜಿನ್ ಬಿಟ್ಟುಕೊಡಲು ಮೂರು ವಾರ ತೆಗೆದುಕೊಂಡಿತು.

ಕಾಯಿಸಿದರೆ ಬೇಗ ಬಿಡುವುದಿಲ್ಲವೇ ಎಂದು ನೀವು ಕೇಳಬಹುದು. ತುಕ್ಕು ಹಿಡಿದ ನಟ್ಟಿಗೆ ಈ ಉಪಾಯ ಸರಿ: ಹೊರಗಿನ ನಟ್ಟನ್ನು ಕಾಯಿಸಿದರೆ ಅದು ಹಿಗ್ಗಿ ಬೋಲ್ಟನ್ನು ಸಡಿಲ ಬಿಡುತ್ತದೆ. ಎಂಜಿನ್ನಿನಲ್ಲಿ ಎಚ್ಚರ ಬೇಕು. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಬೀಡುಕಬ್ಬಿಣ. 91 ಮಿಲಿಮೀಟರ್ ವ್ಯಾಸದ ಪಿಸ್ಟನ್ 100 ಡಿಗ್ರಿ ಕಾದರೆ 0.21 ಮಿಲಿಮೀಟರ್ ಹಿಗ್ಗುತ್ತದೆ, ಸಿಲಿಂಡರ್ 0.10 ಮಾತ್ರ. ಎಲ್ಲವನ್ನೂ ಒಟ್ಟಿಗೆ ಕಾಯಿಸಿದರೆ ಪಿಸ್ಟನ್ ಇನ್ನಷ್ಟು ಬಿಗಿಯುತ್ತದೆ. ಮಾಡಬೇಕಾದದ್ದು ಹೊರಗೋಡೆಯನ್ನು ಮಾತ್ರ ಬೆಚ್ಚಗೆ ಮಾಡುವುದು, ಇಲ್ಲವೇ ಕಾಯಿಸಿ ಆರಲು ಬಿಡುವುದನ್ನು ಹಲವು ಬಾರಿ ಪುನರಾವರ್ತಿಸುವುದು. ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವಾಗ ನಡುವಿನ ತುಕ್ಕು ಬಿರುಕು ಬಿಡುತ್ತದೆ, ಆ ಬಿರುಕಿಗೆ ಎಣ್ಣೆ ಇಳಿಯುತ್ತದೆ. ಒಳಗೆ ಡೀಸೆಲ್ ಸುರಿದಿರುವಾಗ ಬೆಂಕಿಯ ಜ್ವಾಲೆ ಹತ್ತಿರ ಸುಳಿಯಬಾರದು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ನಾನು ಹೇಳಬೇಕೆಂದಿದ್ದ ತಪ್ಪಿಗೆ ಬರುತ್ತೇನೆ. ತಗಡು, ಬ್ರಾಕೆಟ್ಟುಗಳ ತುಕ್ಕು ತೆಗೆಯಲು ವಿದ್ಯುದ್ವಿಭಜನೆ ಒಳ್ಳೆಯ ವಿಧಾನ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಲೀಟರಿಗೆ 10ರಿಂದ 15 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗ ಋಣಾಗ್ರ, ಬೇಡದ ಕಬ್ಬಿಣದ ತುಂಡು ಧನಾಗ್ರ. ತುಕ್ಕಿನ ಒಂದು ಪಾಲು ಅಪಕರ್ಷಣಗೊಂಡು ಕಪ್ಪಗೆ ಮೆತ್ತಗಾಗುತ್ತದೆ, ಉಳಿದದ್ದನ್ನು ಜಲಜನಕದ ಗುಳ್ಳೆಗಳು ಸಡಿಲಿಸುತ್ತವೆ; ಬ್ರಷ್‌ನಿಂದ ಉಜ್ಜಿದರೆ ಬಂದುಬಿಡುತ್ತದೆ. ಉಪ್ಪುಕಾಗದದಂತೆ ಇದು ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಧನಾಗ್ರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ. ಎರಡು ಆಂಪಿಯರ್ ವಿದ್ಯುತ್ತು ಹತ್ತು ಗಂಟೆ ಹರಿದರೆ ಸುಮಾರು 9 ಲೀಟರ್ ಜಲಜನಕ ಹೊರಬರುತ್ತದೆ (ಫ್ಯಾರಡೆ ನಿಯಮದಿಂದ ಲೆಕ್ಕ ಹಾಕಿ ನೋಡಿ). ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕವಿದ್ದರೆ ಒಂದು ಕಿಡಿ ಸಾಕು. ಆದ್ದರಿಂದ ಬಯಲಿನಲ್ಲೇ ಮಾಡಬೇಕು.

ಇದೆಲ್ಲ ನಮಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಸಂಜೆ ಮೀಟರುಗಳಿದ್ದ ತಗಡಿನ ಫಲಕವನ್ನು ಹಾಗೆಯೇ ಡ್ರಮ್ಮಿನಲ್ಲಿ ಮುಳುಗಿಸಿ ಮನೆಗೆ ಹೋದೆವು. ಮಣ್ಣು, ಗ್ರೀಸು ಮೆತ್ತಿದ ಆ ಫಲಕದ ಮೇಲೆ ಅಲ್ಯೂಮಿನಿಯಂನ ಒಂದು ಚಿಕ್ಕ ಪಟ್ಟಿಯಿತ್ತು. ಟ್ರ್ಯಾಕ್ಟರ್‌ನ ಕ್ರಮಸಂಖ್ಯೆಯನ್ನು ಒತ್ತಿದ್ದ ಪಟ್ಟಿ ಅದು. ಋಣಾಗ್ರದಲ್ಲಿದ್ದರೆ ಲೋಹ ಸುರಕ್ಷಿತ ಎಂಬುದು ಕಬ್ಬಿಣಕ್ಕೆ ಸರಿ, ಅಲ್ಯೂಮಿನಿಯಂಗೆ ಅಲ್ಲ. ಋಣಾಗ್ರದ ಸುತ್ತ ಹೈಡ್ರಾಕ್ಸೈಡ್ ಅಯಾನುಗಳು ಶೇಖರವಾಗಿ ದ್ರಾವಣ ತೀವ್ರ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಬೆಳಿಗ್ಗೆ ನೋಡಿದಾಗ ಪಟ್ಟಿ ಬೂದುಬಣ್ಣಕ್ಕೆ ತಿರುಗಿ ಕಾಗದದಷ್ಟು ತೆಳುವಾಗಿತ್ತು. ಅಂಕಿಗಳು ಒಂದೂ ಉಳಿದಿರಲಿಲ್ಲ. ಅದರ ಒಂದು ಛಾಯಾಚಿತ್ರವನ್ನೂ ನಾವು ತೆಗೆದಿರಲಿಲ್ಲ. ಐದು ದಶಕ ಮಳೆ ಬಿಸಿಲುಗಳು ಅಳಿಸದಿದ್ದುದನ್ನು ವಿಜ್ಞಾನ ಓದಿದ ನಾವು ಒಂದು ರಾತ್ರಿಯಲ್ಲಿ ಅಳಿಸಿದೆವು. ಮನೆಯ ಹಿರಿಯರಿಗೆ ಹೇಳಿದಾಗ "ಇರ್ಲಿ ಬಿಡ್ರಿ ಸರ, ನಂಬರ್ ಇದ್ರ ಹೊಲ ಉಳತಿತ್ತೇನು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ದಿನದಿಂದ ನಮ್ಮ ಕ್ರಮ ಬದಲಾಯಿತು. ಯಾವ ಬೋಲ್ಟು ಮುಟ್ಟುವ ಮೊದಲೂ ಛಾಯಾಚಿತ್ರ. ಕಳಚಿದ ಪ್ರತಿ ಭಾಗಕ್ಕೂ ಚೀಟಿ. ಅಯಸ್ಕಾಂತ ಹಿಡಿಯದ ಯಾವ ಲೋಹವೂ ಡ್ರಮ್ಮಿಗಿಲ್ಲ. ಎರಕದ ಭಾಗಗಳ ಮೇಲೆ ಉಬ್ಬಿದ ಅಕ್ಷರ, ಅಂಕಿಗಳಿರುತ್ತವೆ. ಹಲವು ತಯಾರಕರು ಎರಕ ಹೊಯ್ದ ದಿನಾಂಕವನ್ನೇ ಹಾಗೆ ಗುರುತಿಸುತ್ತಿದ್ದರು. ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅವು ಸ್ಪಷ್ಟವಾಗಿ ಮೂಡುತ್ತವೆ. ಬಣ್ಣದ ಇತಿಹಾಸ ತಿಳಿಯಲು ಕಾಣದ ಜಾಗದಲ್ಲಿ ನಾಲ್ಕಾಣೆಯ ಅಗಲಕ್ಕೆ ವಾಟರ್ ಪೇಪರ್‌ನಿಂದ, ನೀರು ಹಾಕುತ್ತ, ಇಳಿಜಾರಾಗಿ ಉಜ್ಜಿ. ಮರದ ಉಂಗುರಗಳಂತೆ ಬಣ್ಣದ ಪದರಗಳು ಒಂದರ ಸುತ್ತ ಒಂದು ಕಾಣಿಸುತ್ತವೆ. ನಮ್ಮದರಲ್ಲಿ ಎರಡು ಕೆಂಪು, ನಡುವೆ ಒಂದು ನೀಲಿ ಇತ್ತು. ನೀಲಿ ಯಾಕೆಂದು ಕೇಳಿದರೆ, ಒಂದು ಮದುವೆಗೆ ದಿಬ್ಬಣ ಒಯ್ಯಲು ಬಳಿಸಿದ್ದು ಎಂದರು. ನೀರು ಹಾಕಿಯೇ ಉಜ್ಜಲು ಇನ್ನೊಂದು ಕಾರಣವಿದೆ: ಹಳೆಯ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುತ್ತವೆ, ಒಣ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಬ್ರೇಕು, ಕ್ಲಚ್ಚುಗಳ ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುವ ಸಾಧ್ಯತೆಯೂ ಉಂಟು. ಅವುಗಳ ಧೂಳನ್ನು ಗಾಳಿ ಊದಿ ತೆಗೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಹಿಂಭಾಗ ಬಿಚ್ಚಿದಾಗ ಇನ್ನೊಂದು ಸಂಗತಿ ತಿಳಿಯಿತು. ಮೇಲಿನ ಕಂಬಿಯ ಬುಡದ ಸ್ಪ್ರಿಂಗ್ ಅಲ್ಲಿರಲಿಲ್ಲ. ಯಾವುದೋ ಕಾಲದಲ್ಲಿ ಅದು ಮುರಿದು, ಅದರ ಜಾಗಕ್ಕೆ ಕಬ್ಬಿಣದ ಗಟ್ಟಿ ಸರಳೊಂದನ್ನು ಬೆಸುಗೆ ಹಾಕಿದ್ದರು. ಬಹಳ ವರ್ಷ ಟ್ರೇಲರ್ ಎಳೆಯುವುದಕ್ಕಷ್ಟೇ ಬಳಸಿದ್ದರಿಂದ ಯಾರಿಗೂ ಕೊರತೆ ಕಂಡಿರಲಿಲ್ಲ. ಹೊಸ ಕೆಂಪು ಬಣ್ಣ, ಹೊಸ ಸ್ಟಿಕ್ಕರ್, ಹೊಳೆಯುವ ದೀಪಗಳನ್ನು ಹಾಕಿ ಇದನ್ನು ಮೆರವಣಿಗೆಯಲ್ಲಿ ನಿಲ್ಲಿಸಿದ್ದರೆ ಎಲ್ಲರೂ ಮೆಚ್ಚುತ್ತಿದ್ದರು. ಆದರೆ ಫರ್ಗ್ಯುಸನ್‌ನ ಶೋಧವೇ ಅದರೊಳಗೆ ಇರುತ್ತಿರಲಿಲ್ಲ. ಹಾಗಾಗಿ ನಮ್ಮ ಹಣ ಬಣ್ಣಕ್ಕೆ ಹೋಗಲಿಲ್ಲ. ಗುಜರಿಯಲ್ಲಿ ಸಿಕ್ಕ ಇನ್ನೊಂದು ಮ್ಯಾಸಿಯ ಸ್ಪ್ರಿಂಗ್ ತಂದು ಕೂರಿಸಿದೆವು. ಬೆಸುಗೆ ಹಾಕಿದ ಆ ಸರಳನ್ನೂ ಚೀಟಿ ಕಟ್ಟಿ ಇಟ್ಟಿದ್ದೇವೆ. ಅದನ್ನು ಹಾಕಿದ ಕಮ್ಮಾರನ ಕೆಲಸವೂ ಈ ಯಂತ್ರದ ಚರಿತ್ರೆಯೇ.

ಮೊದಲ ಹೊಗೆ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಒತ್ತಿದ ಗಾಳಿಯ ಶಾಖವೇ ಇಂಧನವನ್ನು ಹೊತ್ತಿಸುತ್ತದೆ. 27 ಡಿಗ್ರಿಯ ಗಾಳಿಯನ್ನು 17ರಲ್ಲಿ ಒಂದು ಭಾಗಕ್ಕೆ ಒತ್ತಿದರೆ ಆದರ್ಶ ಲೆಕ್ಕದಲ್ಲಿ ಅದರ ತಾಪ 650 ಡಿಗ್ರಿ ಮೀರುತ್ತದೆ. ರಿಂಗುಗಳು ಸವೆದು ಗಾಳಿ ಸೋರಿದರೆ ಅಷ್ಟು ಕಾಯುವುದಿಲ್ಲ, ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆಯೆಂದರೆ ಗಾಳಿಗಿಂತ ಇಂಧನ ಹೆಚ್ಚು.

ದೀರ್ಘಕಾಲ ನಿಂತ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡುವಾಗ ಒಂದು ಅಪಾಯವನ್ನು ನೆನಪಿಡಬೇಕು. ಇಂಧನ ಪಂಪಿನ ನಿಯಂತ್ರಣ ದಂಡ ಅಂಟಿಕೊಂಡಿದ್ದರೆ ಎಂಜಿನ್ ಅಂಕೆ ಮೀರಿ ವೇಗ ಪಡೆಯುತ್ತ ಹೋಗುತ್ತದೆ. ಬೀಗದ ಕೈ ತಿರುಗಿಸಿದರೆ ಅದು ನಿಲ್ಲದು, ಏಕೆಂದರೆ ಕಡಿದುಹಾಕಲು ಅಲ್ಲಿ ಕಿಡಿಯೇ ಇಲ್ಲ. ಗಾಳಿ ಎಳೆಯುವ ಬಾಯಿಯನ್ನು ಮುಚ್ಚಬೇಕು. ಅದಕ್ಕಾಗಿ ಒಂದು ಚಪ್ಪಟೆ ಹಲಗೆ ಹಿಡಿದು ಒಬ್ಬರು ಸಿದ್ಧರಾಗಿ ನಿಂತಿರಬೇಕು. ಕೈಯಿಂದ ಮಾತ್ರ ಮುಚ್ಚಬಾರದು. ನಮ್ಮಲ್ಲಿ ಒಬ್ಬ ಹುಡುಗಿ ಅಡಕೆ ಮರದ ಹಲಗೆ ಹಿಡಿದು ನಿಂತಿದ್ದಳು. ಅದರ ಅಗತ್ಯ ಬೀಳಲಿಲ್ಲ. ಐದಾರು ನಿಮಿಷ ಬಿಳಿ ಹೊಗೆ ಕಾರಿ, ಎರಡು ಸಿಲಿಂಡರಿನಲ್ಲಿ ಕೆಮ್ಮಿ, ಆಮೇಲೆ ಮೂರನೆಯದೂ ಸೇರಿಕೊಂಡಿತು.

ಈಗ ಆ ಟ್ರ್ಯಾಕ್ಟರ್ ವರ್ಷಕ್ಕೊಂದೆರಡು ಬಾರಿ ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಉಳುತ್ತದೆ. ಗಟ್ಟಿ ನೆಲ ಸಿಕ್ಕಲ್ಲಿ ನೇಗಿಲು ತಾನೇ ತುಸು ಮೇಲೇಳುವುದನ್ನು ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ನೋಡುತ್ತಾರೆ. ಕರಗಿದ ಪಟ್ಟಿಯ ಜಾಗಕ್ಕೆ ಹೊಸದನ್ನು ಮಾಡಿಸಿ ಹಾಕೋಣವೆಂದು ಕೆಲವರು ಸೂಚಿಸಿದರು. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ ಉಳಿದಿದೆ, ಅದನ್ನು ಬರೆದುಕೊಂಡಿದ್ದೇವೆ. ಪಟ್ಟಿಯ ಎರಡು ತೂತುಗಳನ್ನು ಹಾಗೆಯೇ ಬಿಟ್ಟಿದ್ದೇವೆ.